ತಟ್ಟೆಯಲ್ಲಿ ಮರಳು

12 ಜುಲೈ 2025, ಶನಿವಾರ. ಡೊಂಬಿವಲಿ.

ಬೆಳಿಗ್ಗೆಯಿಂದ ಒಂದೇ ಸಮ ಮಳೆ. ರಜೆ ಅಂತ ಹೆಸರಿಗೆ, ಹನ್ನೊಂದರವರೆಗೂ ಸಾಹೇಬರ ಜೊತೆ ಫೋನಿನಲ್ಲಿ ಜಗಳ. ಅದೇ 600 ಮೀಟರ್ ಆಳದ ಮರಳುಗಲ್ಲಿನ ಗ್ಯಾಸ್.

"ಇಷ್ಟು ಮೇಲಿದೆ, ಕೊರೆದು ವಾಲ್ವ್ ತೆಗೆದರೆ ಆಯ್ತು" ಅನ್ನುತ್ತಾರೆ. ಕೊರೆಯುವ ಖರ್ಚು ಕಡಿಮೆ, ನಿಜ. ಆದರೆ ಪ್ರೆಶರೂ ಕಡಿಮೆ ಅಲ್ವಾ? 100 ಮೀಟರಿಗೆ ಸುಮಾರು 10 ಕೆಜಿ ಲೆಕ್ಕ (ಚದರ ಸೆಂಟಿಮೀಟರಿಗೆ, ನಮ್ಮಲ್ಲಿ ಸುಮ್ನೆ ಕೆಜಿ), ಅಂದರೆ ಇಲ್ಲಿ 60. ಕಲ್ಲಿನ ಸಂದಿಯಲ್ಲಿ ಒಂದು ಘನ ಮೀಟರ್ ಜಾಗ ಹಿಡಿದಿರುವ ಗ್ಯಾಸ್ ಮೇಲೆ ಬಂದು ಹಿಗ್ಗಿದರೆ 60 ಘನ ಮೀಟರ್ ಆಸುಪಾಸು. 3000 ಮೀಟರ್ ಆಳದಲ್ಲಾಗಿದ್ದರೆ 200 ದಾಟುತ್ತಿತ್ತು. ಪೈಪ್‌ಲೈನ್ ಬೇರೆ 45 ಕೆಜಿ ಕೇಳುತ್ತದೆ. ಬಾವಿಯ ಪ್ರೆಶರ್ ಸ್ವಲ್ಪ ಇಳಿದರೂ ಗ್ಯಾಸ್ ಅದರೊಳಗೆ ಹೋಗದು, ಒತ್ತಿ ನೂಕುವ ಕಂಪ್ರೆಸರ್ ಬೇಗನೇ ಬೇಕು. ಪ್ಲಾನಿನಲ್ಲಿ ಅದು ಐದನೇ ವರ್ಷಕ್ಕೆ ಕೂತಿದೆ!

ಅದಾದರೂ ದುಡ್ಡಿನ ಮಾತು. ನನ್ನ ಭಯ ಮರಳಿನದು. ಪರೀಕ್ಷೆಗೆ ಹರಿಸಿದ ಬಾವಿಯ ಸೆಪರೇಟರ್ (ಗ್ಯಾಸ್, ನೀರು ಬೇರ್ಪಡಿಸುವ ಟ್ಯಾಂಕ್) ತೊಳೆದಾಗ ಸಿಕ್ಕಿದ್ದನ್ನು ನಿನ್ನೆ ಒಂದು ಸಣ್ಣ ಬಾಟಲಿಯಲ್ಲಿ ತಂದಿದ್ದೆ. ಸ್ಟೀಲ್ ತಟ್ಟೆಗೆ ಸುರಿದು ನೋಡಿದೆ. ಚಿರೋಟಿ ರವೆಯಷ್ಟು ಸಣ್ಣ, ಬಿಡಿಬಿಡಿ, ಒಂದಕ್ಕೊಂದು ಅಂಟೇ ಇಲ್ಲ. ಹರಿವನ್ನು ಹಿಡಿತದಲ್ಲಿಡುವ ಚೋಕ್ ಬಿಚ್ಚಿದರೆ ಒಂದು ಮಗ್ಗುಲು ಇಲಿ ಕಡಿದ ಕೊಬ್ಬರಿಯ ಹಾಗಿತ್ತು, ಅಷ್ಟು ಗಟ್ಟಿ ಲೋಹ!

ಕುಮಟೆಯ ಕಡಲ ದಂಡೆಯಲ್ಲಿ ಚಿಕ್ಕಂದಿನಲ್ಲಿ ಗುಂಡಿ ತೋಡುತ್ತಿದ್ದೆವು. ಮೊಳಕೈ ಆಳ ಹೋಗುವಷ್ಟರಲ್ಲಿ ನೀರು ಜಿನುಗುತ್ತಿತ್ತು, ಹಿಂದೆಯೇ ಗೋಡೆ ಕುಸಿಯುತ್ತಿತ್ತು. ಇದೂ ಹೆಚ್ಚುಕಮ್ಮಿ ಹಾಗೇ. ಹೆಸರಿಗೆ ಕಲ್ಲು, ಆಳಕ್ಕೆ ಹೂತು ಬಿಗಿಯಾಗಿಲ್ಲ. ಜೋರಾಗಿ ಎಳೆದರೆ ಕಣ ಕಳಚಿಕೊಂಡು ಬರುತ್ತದೆ, ಅಡಿಯ ನೀರು ಬಾವಿಯ ಬುಡಕ್ಕೆ ಗೋಪುರದ ಹಾಗೆ ಏರುತ್ತದೆ, ನೀರು ಬಂತೆಂದರೆ ಉಳಿದ ಹಿಡಿತವೂ ಸಡಿಲ, ನೀರಿನ ಹಿಂದೆ ಸಿಕ್ಕಿಬಿದ್ದ ಗ್ಯಾಸ್ ಅಲ್ಲೇ ಬಾಕಿ. ಜರಡಿ ಇಳಿಸಿ ಸುತ್ತ ಗ್ರಾವೆಲ್ (ದಪ್ಪ ಮರಳು) ತುಂಬಬಹುದು. ಆದರೆ ಇಷ್ಟು ಸಣ್ಣ ಕಣ ಜರಡಿಯ ಕಣ್ಣನ್ನೇ ಮುಚ್ಚಿಬಿಟ್ಟರೆ?

ಸಾಹೇಬರದೂ ತಪ್ಪಲ್ಲ ಬಿಡಿ. 1974ರಲ್ಲಿ ಸಾಗರ್ ಸಾಮ್ರಾಟ್ ಅನ್ನುವ ರಿಗ್ ಕೊರೆದು ಮುಂಬೈ ಹೈ ಎಂಬ ಕಡಲಿನ ತೈಲಕ್ಷೇತ್ರ ಸಿಕ್ಕಾಗಿನಿಂದ ಇಲ್ಲಿ ಪಳಗಿದವರ ಕೈ ಕೂತಿರುವುದು ಸುಣ್ಣಕಲ್ಲಿನ ಮೇಲೆ. ಕಡಲಲ್ಲೇ ಇರುವ ತಾಪ್ತಿ ಕ್ಷೇತ್ರದ ಗ್ಯಾಸ್ ಮರಳುಗಲ್ಲಿನದೇ, ಅಲ್ಲಿ ದುಡಿದವರನ್ನಾದರೂ ಕೇಳಿ ಅಂದೆ.

ಕೊನೆಗೆ ಹೇಳಿಬಿಟ್ಟೆ: "ಸರ್, ಕೊರೆಯೋದು ಅಗ್ಗ ಅಂತ ನೀವೇ ಹೇಳ್ತೀರಲ್ಲ, ಒಂದೇ ಬಾವಿಯನ್ನು ಹಿಂಡೋ ಬದಲು ಮೂರು ಕೊರೆದು ನಿಧಾನ ಎಳೆಯೋಣ." ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಸೋಮವಾರ ನೋಡೋಣ" ಅಂದರು. ನೋಡೋಣ.

ಮಧ್ಯಾಹ್ನ ಊಟಕ್ಕೆ ಕೂತರೆ ಎರಡನೇ ತುತ್ತಿಗೇ ಹಲ್ಲಿಗೆ ಕರಕ್ ಅಂತು. ಮನೆಯವಳ ಮುಖ ನೋಡಿದೆ. "ಆ ತಟ್ಟೆ ತೊಳೆದಿಟ್ಟಿದ್ದು ನೀವೇ ಅಲ್ವಾ?" ಅಂದಳು.