ಬಿಚ್ಚಿದರೆ ಕುರುಹು ಉಳಿಸದ ಗೊಡೋ ಪ್ಲಗಿನ್

ಆಟ ತಯಾರಿಸುವ ಎಂಜಿನ್ ಗೊಡೋ 4ರಲ್ಲಿ, ಅದರ ಎಡಿಟರಿಗೆ ಹೊಸ ಸೌಲಭ್ಯ ಸೇರಿಸುವ ಪ್ಲಗಿನ್ ಶುರುಮಾಡಲು ಹೆಚ್ಚೇನೂ ಬೇಡ. ಪ್ರಾಜೆಕ್ಟಿನ ‘ಆಡ್‌ಆನ್ಸ್’ ಫೋಲ್ಡರಿನೊಳಗೆ ನಿಮ್ಮದೊಂದು ಫೋಲ್ಡರ್. ಅದರಲ್ಲಿ ಹೆಸರು, ವಿವರಣೆ, ಲೇಖಕ, ಆವೃತ್ತಿ, ಸ್ಕ್ರಿಪ್ಟ್ ಎಂಬ 5 ವಿವರಗಳಿರುವ ‘ಪ್ಲಗಿನ್.ಸಿಎಫ್‌ಜಿ’, ಜೊತೆಗೆ ‘ಎಡಿಟರ್‌ಪ್ಲಗಿನ್’ ಕ್ಲಾಸನ್ನು ವಿಸ್ತರಿಸಿದ ಒಂದು ಸ್ಕ್ರಿಪ್ಟ್. ಸ್ಕ್ರಿಪ್ಟ್ ಎಡಿಟರಿನೊಳಗೂ ಓಡಲು ಅದರ ಮೊದಲ ಸಾಲಿನಲ್ಲೇ ‘@ಟೂಲ್’ ಇರಲಿ. ಆ ಸ್ಕ್ರಿಪ್ಟನ್ನು ವಿಸ್ತರಿಸಿ ಇನ್ನೊಂದನ್ನು ಬರೆದರೆ ‘@ಟೂಲ್’ ತಾನಾಗಿ ಇಳಿದು ಬರುವುದಿಲ್ಲ, ಅಲ್ಲೂ ಬರೆಯಬೇಕು.

ಪ್ಲಗಿನ್ ಎಷ್ಟು ಮಾಡ್ಯುಲರ್ ಎಂಬುದು ಅದನ್ನು ಬಿಚ್ಚುವಾಗ ಗೊತ್ತಾಗುತ್ತದೆ. ಪ್ಲಗಿನ್ ಆನ್ ಆದಾಗ ಓಡುವ ‘ಎಂಟರ್ ಟ್ರೀ’ ಫಂಕ್ಷನ್ನಿನಲ್ಲಿ ಸೇರಿಸಿದ ಪ್ರತಿಯೊಂದನ್ನೂ ಆಫ್ ಆದಾಗ ಓಡುವ ‘ಎಕ್ಸಿಟ್ ಟ್ರೀ’ಯಲ್ಲಿ ತೆಗೆಯಬೇಕು. ಡಾಕ್ (ಎಡಿಟರಿನ ಅಂಚಿಗೆ ಸೇರಿಸಿದ ಫಲಕ) ತೆಗೆಯುವುದು ಮರೆತರೆ ಪ್ಲಗಿನ್ ಆಫ್ ಆದಮೇಲೂ ಅದು ಎಡಿಟರಿನಲ್ಲಿ ಕೂತಿರುತ್ತದೆ. ಮತ್ತೆ ಆನ್ ಮಾಡಿದರೆ ಪಕ್ಕದಲ್ಲಿ ಅದೇ ಹೆಸರಿನ ಎರಡನೆಯದು ಬರುತ್ತದೆ. ಎಡಿಟರಿನಿಂದ ಆ ಫಲಕ ತೆಗೆದರಷ್ಟೇ ಸಾಲದು, ಅದನ್ನು ಅಳಿಸುವ ‘ಕ್ಯೂ ಫ್ರೀ’ ಕರೆಯದಿದ್ದರೆ ಮೆಮೊರಿಯಲ್ಲಿ ಉಳಿದುಬಿಡುತ್ತದೆ. ಆಟ ಶುರುವಾದಾಗ ತಾನಾಗಿ ಲೋಡ್ ಆಗುವ ಆಟೋಲೋಡ್ ಮಾತ್ರ ಈ ಎರಡು ಫಂಕ್ಷನ್‌ಗಳ ಜೋಡಿಗೆ ಸೇರಬಾರದು. ಅದು ಪ್ರಾಜೆಕ್ಟ್ ಫೈಲಿನಲ್ಲೇ ದಾಖಲಾಗುವುದರಿಂದ, ಎಡಿಟರ್ ತೆರೆದು ಮುಚ್ಚಿದಾಗಲೆಲ್ಲ ಓಡುವ ಕೋಡಿನಲ್ಲಿ ಅದಕ್ಕೆ ಜಾಗವಿಲ್ಲ. ‘ಎನೇಬಲ್ ಪ್ಲಗಿನ್’, ‘ಡಿಸೇಬಲ್ ಪ್ಲಗಿನ್’ ಫಂಕ್ಷನ್‌ಗಳು ಇರುವುದೇ ಇಂಥದ್ದಕ್ಕೆ.

ಇನ್ನು ವಿಸ್ತರಣೆ. ಪಾತ್ರಗಳ ಸಂಭಾಷಣೆ ನಡೆಸುವ ಪ್ಲಗಿನ್ ಒಂದಿದೆ ಎನ್ನಿ. ಮಾತು, ಆಯ್ಕೆ, ವಿರಾಮ ಎಂಬ ಮೂರು ಹಂತಗಳನ್ನು ಒಂದು ದೊಡ್ಡ ‘ಮ್ಯಾಚ್’ನಲ್ಲಿ (ಹಂತಕ್ಕೊಂದು ಕವಲಿರುವ ಕೋಡಿನಲ್ಲಿ) ಬರೆದಿದ್ದರೆ, ನಾಳೆ ಯಾರಿಗೋ ಕ್ಯಾಮೆರಾ ಅಲುಗಾಡಿಸುವ ಹಂತ ಬೇಕಾದಾಗ ಅವರು ನಿಮ್ಮ ಫೈಲಿಗೇ ಕೈಹಾಕಬೇಕು. ನೀವು ಹೊಸ ಆವೃತ್ತಿ ಕೊಟ್ಟ ದಿನ ಅವರ ಬದಲಾವಣೆ ಅಳಿಸಿಹೋಗುತ್ತದೆ. ಇದರ ಬದಲು ಗೊಡೋದಲ್ಲಿ ದತ್ತಾಂಶ ಇಡುವ ‘ರಿಸೋರ್ಸ್’ ಕ್ಲಾಸಿನಿಂದ ಒಂದು ಮೂಲ ಹಂತದ ಕ್ಲಾಸ್ ಮಾಡಿ, ಅದರಲ್ಲಿ ‘ರನ್’ ಎಂಬ ಒಂದೇ ಫಂಕ್ಷನ್ ಇಡಿ. ಹಂತಗಳ ಪಟ್ಟಿಯನ್ನು ಆ ಟೈಪಿನ ಅರೇ ಆಗಿ, ಇನ್‌ಸ್ಪೆಕ್ಟರ್ ಫಲಕದಲ್ಲಿ ತುಂಬಲು ಬರುವಂತೆ ಎಕ್ಸ್‌ಪೋರ್ಟ್ ಮಾಡಿದರೆ, ‘ಕ್ಲಾಸ್ ನೇಮ್’ ಇರುವ ಮರಿ ಕ್ಲಾಸುಗಳೆಲ್ಲ ಇನ್‌ಸ್ಪೆಕ್ಟರಿನ ಮೆನುವಿನಲ್ಲಿ ತಾವಾಗಿ ಕಾಣುತ್ತವೆ. ಹೊಸ ಹಂತ ಬೇಕಾದವರು ತಮ್ಮ ಫೋಲ್ಡರಿನಲ್ಲಿ ಒಂದು ಫೈಲ್ ಬರೆದುಕೊಂಡರೆ ಸಾಕು.

‘ರನ್’ಗೆ ಐದಾರು ಆರ್ಗ್ಯುಮೆಂಟ್ ಕೊಡಬೇಡಿ, ಬೇಕಾದ್ದನ್ನೆಲ್ಲ ಹೊತ್ತ ಒಂದೇ ಕಾಂಟೆಕ್ಸ್ಟ್ ಆಬ್ಜೆಕ್ಟ್ ಕೊಡಿ. ಮೂಲ ಕ್ಲಾಸಿನಲ್ಲಿ ಆಮೇಲೆ ಒಂದು ಆರ್ಗ್ಯುಮೆಂಟ್ ಹೆಚ್ಚಿಸಿದರೂ ಸಿಗ್ನೇಚರ್ ಹೊಂದುತ್ತಿಲ್ಲವೆಂದು ಬಳಕೆದಾರರ ಎಲ್ಲ ಹಂತಗಳೂ ಪಾರ್ಸ್ ಎರರ್ (ಕೋಡ್ ಓದುವಾಗಲೇ ಬರುವ ದೋಷ) ಕೊಡುತ್ತವೆ. ಕಾಂಟೆಕ್ಸ್ಟಿಗೆ ಹೊಸ ಫೀಲ್ಡ್ ಸೇರಿಸಿದರೆ ಹಳೆಯದು ಯಾವುದೂ ಮುರಿಯುವುದಿಲ್ಲ. ಕರೆಯುವ ಕಡೆ ‘ಅವೇಟ್’ ಹಾಕಿಡಿ: ಕಾಯಬೇಕಾದ ಹಂತ ಕಾಯುತ್ತದೆ, ಉಳಿದದ್ದು ಕೂಡಲೇ ಮುಗಿಯುತ್ತದೆ. ಎಷ್ಟನೇ ಸಾಲಿನಲ್ಲಿದ್ದೇವೆ ಎಂಬಂಥ ಓಡುವಾಗಿನ ಸ್ಥಿತಿಯೂ ಕಾಂಟೆಕ್ಸ್ಟಿನಲ್ಲೇ ಇರಲಿ. ಲೋಡ್ ಆದ ರಿಸೋರ್ಸ್ ಎಲ್ಲರಿಗೂ ಒಂದೇ ಪ್ರತಿಯಾದ್ದರಿಂದ, ಅದರೊಳಗೆ ಇಟ್ಟರೆ ಒಂದೇ ಫೈಲ್ ಬಳಸುವ ಎರಡು ಪಾತ್ರಗಳ ಮಾತು ಕಲಸಿಹೋಗುತ್ತದೆ.

ಪ್ಲಗಿನ್ನಿನೊಳಗೆ ‘ಎಡಿಟರ್’, ‘ರನ್‌ಟೈಮ್’ ಎಂದು ಎರಡು ಫೋಲ್ಡರ್ ಮಾಡಿ. ‘ಎಡಿಟರ್’ನ ಕೋಡ್ ‘ರನ್‌ಟೈಮ್’ನದ್ದನ್ನು ಬಳಸಬಹುದು, ಅದರ ತಿರುಗುಮುರುಗು ಕೂಡದು. ‘ಎಡಿಟರ್‌ಇಂಟರ್‌ಫೇಸ್’ನಂಥ ಕ್ಲಾಸುಗಳು ಎಕ್ಸ್‌ಪೋರ್ಟ್ ಟೆಂಪ್ಲೇಟಿನಲ್ಲಿ (ಆಟಗಾರರಿಗೆ ಕೊಡುವ ಆಟದೊಳಗಿನ ಎಂಜಿನ್ನಿನಲ್ಲಿ) ಇರುವುದೇ ಇಲ್ಲ. ಆಟದ ಸ್ಕ್ರಿಪ್ಟಿನಲ್ಲಿ ಆ ಹೆಸರು ಒಂದು ಕಡೆ ನುಸುಳಿದರೂ ಎಡಿಟರಿನಲ್ಲಿ ಚೆನ್ನಾಗಿ ಓಡಿದ ಆಟ ಫೋನಿನಲ್ಲಿ ಆ ಸ್ಕ್ರಿಪ್ಟನ್ನೇ ಲೋಡ್ ಮಾಡುವುದಿಲ್ಲ. ಎಡಿಟರಿನಲ್ಲಿ ಓಡುತ್ತಿದ್ದೇವೆಯೇ ಎಂದು ಕೇಳುವ ‘ಎಡಿಟರ್ ಹಿಂಟ್’ ಪರೀಕ್ಷೆ ಇದಕ್ಕೆ ಮದ್ದಲ್ಲ: ಆ ಪರೀಕ್ಷೆ ನಡೆಯುವ ಮೊದಲೇ ಪಾರ್ಸ್ ಸೋತಿರುತ್ತದೆ. ಕ್ಲಾಸ್ ಹೆಸರುಗಳು ಇಡೀ ಪ್ರಾಜೆಕ್ಟಿಗೆ ಒಂದೇ ಆದ್ದರಿಂದ ‘ಐಟಂ’, ‘ಸ್ಟೆಪ್’ ಎಂಬ ಬರೀ ಹೆಸರು ಬೇಡ, ನಿಮ್ಮ ಪ್ಲಗಿನ್ನಿನ ಪೂರ್ವಪದ ಅಂಟಿಸಿ.

ಡಾಕಿನ ಬಟನ್ ಸೀನನ್ನು ನೇರವಾಗಿ ಬದಲಿಸುವುದು ಬಳಕೆದಾರರಿಗೆ ಮಾಡುವ ಅನ್ಯಾಯ. ಅಂಡೂ ಕೆಲಸ ಮಾಡುವುದಿಲ್ಲ, ಸೇವ್ ಆಗಿಲ್ಲವೆಂದು ತೋರಿಸುವ ನಕ್ಷತ್ರ ಸೀನ್ ಟ್ಯಾಬಿನ ಮೇಲೆ ಮೂಡುವುದಿಲ್ಲ, ಸೇವ್ ಮಾಡದೆ ಮುಚ್ಚಿದರೆ ಕೆಲಸ ಹೋಯಿತು. ‘ಎಡಿಟರ್ ಅಂಡೂ ರೀಡೂ ಮ್ಯಾನೇಜರ್’ ಮೂಲಕವೇ ಮಾಡಿ. ಹೊಸ ನೋಡ್ ಸೇರಿಸಿದರೆ ಅದರ ‘ಓನರ್’ ಸೀನಿನ ರೂಟ್ ಆಗಿರಲಿ, ಇಲ್ಲದಿದ್ದರೆ ಅದು ಟ್ರೀಯಲ್ಲಿ ಕಾಣದು, ಸೇವ್ ಕೂಡ ಆಗದು.

ಹೊರಗೆ ಕೊಡುವ ಮುನ್ನ ಖಾಲಿ ಪ್ರಾಜೆಕ್ಟಿಗೆ ಆ ಫೋಲ್ಡರ್ ಒಂದನ್ನೇ ಕಾಪಿ ಮಾಡಿ. 4.4ರಿಂದ ಸ್ಕ್ರಿಪ್ಟುಗಳ ಪಕ್ಕದಲ್ಲಿ ಹುಟ್ಟುವ, ಅವುಗಳ ಗುರುತುಸಂಖ್ಯೆ ಇರುವ ಯುಐಡಿ ಫೈಲುಗಳೂ ಜೊತೆಗಿರಲಿ. ಮೂರು ಸಲ ಆನ್, ಆಫ್ ಮಾಡಿ, ಒಮ್ಮೆ ಎಕ್ಸ್‌ಪೋರ್ಟ್ ಮಾಡಿ ಓಡಿಸಿ. ಕೊನೆಗೆ ಆಫ್ ಮಾಡಿ, ಫೈಲುಗಳಲ್ಲಿ ಏನು ಬದಲಾಗಿದೆ ಎಂದು ತೋರಿಸುವ ಗಿಟ್ ಡಿಫ್ ನೋಡಿ: ಪ್ರಾಜೆಕ್ಟ್ ಫೈಲಿನಲ್ಲಿ ಪ್ಲಗಿನ್ ಪಟ್ಟಿಯ ಸಾಲು ಬಿಟ್ಟು ಬೇರೇನಾದರೂ ಉಳಿದಿದ್ದರೆ, ಅದನ್ನು ಸೇರಿಸಿದ ಫಂಕ್ಷನ್ ಯಾವುದೆಂದು ಹುಡುಕಿ, ತೆಗೆಯುವ ಸಾಲನ್ನು ಅದರ ಜೋಡಿಯಲ್ಲಿ ಬರೆಯಿರಿ.