ಮೇಡಂಗೆ ಹೇಳಿ ಸಾರ್

ಈ ವಾರವೆಲ್ಲಾ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿದೆ. "ಮೇಡಂಗೆ ಹೇಳಿ ಸಾರ್." ಹೇಳಿದವರು ಚಿಕ್ಕಮಗಳೂರು ಪೇಟೆಯ ಒಬ್ಬ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಯವರು. ಹೇಳಿಸಿಕೊಂಡವರು ನಮ್ಮನೆಯವರು. ಮೇಡಂ ಅಂದರೆ ನಾನು. ಅವರಿಬ್ಬರ ನಡುವೆ, ಕೌಂಟರಿಗೆ ಮೊಣಕೈ ಊರಿಕೊಂಡು ಅಲ್ಲೇ ನಿಂತಿದ್ದೆ.

ವಿಷಯ ದೊಡ್ಡದೇನಲ್ಲ. ಭಾನುವಾರ ಮಗಳ ಗೆಳತಿಯರು ಬರುತ್ತಾರೆ ಅಂತ ಬಾಳೆಹಣ್ಣಿನ ಕೇಕ್ ಇಟ್ಟಿದ್ದೆ. ಮೇಲೆ ಚೆನ್ನಾಗಿ ಕೆಂಪಾಗಿತ್ತು. ಚಾಕು ಹಾಕಿದರೆ ಒಳಗೆಲ್ಲಾ ಗಂಜಿ. ಓವನ್ ಬಾಗಿಲ ಗಾಜಿಗೆ ಮುಖ ಹಚ್ಚಿ ನೋಡಿದೆ. ಮೇಲಿನ ಎರಡು ರಾಡ್ ಕೆಂಪಗೆ ಉರಿಯುತ್ತಿವೆ, ಕೆಳಗಿನ ಎರಡೂ ಕಪ್ಪಗೆ ಬಿದ್ದುಕೊಂಡಿವೆ. ಮಕ್ಕಳಿಗೆ ಮಂಡಕ್ಕಿ ಕಲಸಿ ಕೊಟ್ಟೆ, ಅದನ್ನೇ ಖುಷಿಯಾಗಿ ತಿಂದರು. ಕೇಕ್ ಕೇಳಿದವರೇ ಇಲ್ಲ.

ಸೋಮವಾರ ಕಂಪನಿಯ ಸರ್ವಿಸ್ ನಂಬರಿಗೆ ಫೋನ್ ಮಾಡಿದೆ. ಏನಾಗಿದೆ ಅಂತ ಕೇಳುವ ಮೊದಲೇ "ಆ ಮಾಡೆಲ್ ನಿಂತು ಹೋಗಿದೆ ಮೇಡಂ, ಎಕ್ಸ್‌ಚೇಂಜ್‌ನಲ್ಲಿ ಹೊಸದು ತಗೊಳ್ಳಿ" ಅಂದ ಹುಡುಗ. ಬೆಂಗಳೂರಿನಲ್ಲಿರುವ ಮೈದುನ ಇಂಜಿನಿಯರು. ಅವನಿಗೆ ಹೇಳಿದರೆ "ಎರಡೂ ರಾಡ್ ಒಟ್ಟಿಗೇ ಹೋಗಿದೆ ಅಂದ್ರೆ ಬೋರ್ಡೇ ಹೋಗಿರತ್ತೆ ಅತ್ತಿಗೆ, ಬಿಸಾಕಿ" ಅಂದ. ನಮ್ಮ ಓವನ್‌ನಲ್ಲಿ ಬೋರ್ಡ್ ಅನ್ನುವುದೇ ಇಲ್ಲ. ಮೂರು ತಿರುಪು ಗುಂಡಿ ಇವೆ: ಒಂದು ಬಿಸಿಗೆ, ಒಂದು ಟೈಮಿಗೆ, ಇನ್ನೊಂದು ಮೇಲೋ ಕೆಳಗೋ ಅಂತ ಹೇಳುವುದಕ್ಕೆ. ಅಷ್ಟೇ. ಓದಿದವರು ಫೋನಿನಲ್ಲೇ ರೋಗ ಹೇಳಿಬಿಡುತ್ತಾರಲ್ಲ, ಅದೊಂದು ಸೋಜಿಗ.

ರಾತ್ರಿ ಪ್ಲಗ್ ಕಿತ್ತು, ಓವನ್ನನ್ನು ಊಟದ ಮೇಜಿನ ಮೇಲೆ ಪೇಪರ್ ಹಾಸಿ ಇಟ್ಟೆ. ಪಕ್ಕದ ತಗಡು ಬಿಚ್ಚುವ ಮೊದಲು ಯಾವ ವೈರ್ ಎಲ್ಲಿಗೆ ಅಂತ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡೆ. ಒಳಗೆ ನೋಡಲು ಏನೂ ಇಲ್ಲ. ನಾಲ್ಕು ರಾಡಿನ ತುದಿಗಳು ಪಿಂಗಾಣಿ ಬಿಲ್ಲೆಯ ತೂತಿನಿಂದ ಹೊರಗೆ ಬಂದಿರುತ್ತವೆ. ಅವಕ್ಕೆ ಬಿಳಿ ದಾರದ ತೋಳು ಹಾಕಿದ ವೈರ್ ಕಚ್ಚಿಸಿರುತ್ತಾರೆ. ಮಾಮೂಲಿ ಪ್ಲಾಸ್ಟಿಕ್ ವೈರ್ ಆ ಬಿಸಿಗೆ ಕರಗಿ ಹೋಗುತ್ತದೆ, ಅದಕ್ಕೇ ಗಾಜಿನ ನೂಲಿನ ತೋಳು.

ಮಗಳ ಸ್ಕೂಲ್ ಪ್ರಾಜೆಕ್ಟಿಗೆ ತಂದ ಮಲ್ಟಿಮೀಟರ್ ಇತ್ತು. ತಂತಿ ಕರೆಂಟಿಗೆ ಎಷ್ಟು ತಡೆ ಒಡ್ಡುತ್ತದೆ ಅಂತ ಅದು ಓಮ್ ಲೆಕ್ಕದಲ್ಲಿ ತೋರಿಸುತ್ತದೆ. ಕೆಳಗಿನ ಮೊದಲ ರಾಡಿಗೆ ಹಿಡಿದರೆ 35 ಓಮ್. ಅಂದರೆ ಅದು ಚೆನ್ನಾಗಿದೆ! ಎರಡನೆಯದಕ್ಕೆ ಹಿಡಿದರೆ ಏನೂ ಇಲ್ಲ. ಟಾರ್ಚ್ ಹಾಕಿ ಬೆರಳಾಡಿಸಿದೆ. ಹಿಂದಿನ ಗೋಡೆಯ ಹತ್ತಿರ ಒಂದು ಕಡೆ ಸಾಸಿವೆ ಕಾಳಿನಷ್ಟು ಉಬ್ಬು, ಉಬ್ಬಿನ ಮೇಲೆ ಕೂದಲೆಳೆಯ ಬಿರುಕು, ಬಿರುಕಿನಿಂದ ಒಂದು ಚೂರು ಬಿಳಿ ಪುಡಿ. ಮೆಗ್ನೀಷಿಯಂ ಆಕ್ಸೈಡ್. ರಾಡಿನ ಒಳಗಿರುವ ಸುರುಳಿ ತಂತಿ ಹೊರಗಿನ ಸ್ಟೀಲ್ ಕೊಳವೆಗೆ ತಾಗದ ಹಾಗೆ ಆ ಪುಡಿಯನ್ನು ಒತ್ತಿ ತುಂಬಿರುತ್ತಾರೆ. ಬಿಸಿಯನ್ನು ಬಿಡುತ್ತದೆ, ಕರೆಂಟನ್ನು ಬಿಡುವುದಿಲ್ಲ.

ಒಂದು ಚೆನ್ನಾಗಿದ್ದೂ ಎರಡೂ ಯಾಕೆ ತಣ್ಣಗಾದವು ಅನ್ನುವುದಕ್ಕೆ ಉತ್ತರ ವೈರಿನಲ್ಲೇ ಇತ್ತು. ಗಣಪತಿ ಪೆಂಡಾಲಿನ ಹಳೇ ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬ್ ಹೋದರೆ ಸಾಲೇ ಆರುತ್ತಿತ್ತಲ್ಲ, ಹಾಗೆ. ಎರಡು ರಾಡನ್ನು ಒಂದರ ಬಾಲಕ್ಕೆ ಇನ್ನೊಂದು ಕಟ್ಟಿದ್ದಾರೆ. ಸೀರೀಸ್ ಅನ್ನುವುದು ಇದಕ್ಕೇ. 230 ವೋಲ್ಟ್ ಇಬ್ಬರಿಗೆ ಹಂಚಿದರೆ ಒಂದಕ್ಕೆ 115. 115ನ್ನು 115ರಿಂದ ಗುಣಿಸಿ 35ರಿಂದ ಭಾಗಿಸಿದರೆ ಸುಮಾರು 378 ವ್ಯಾಟ್. ಕೆಳಗಿನ ಜೋಡಿ ಸೇರಿ 750ರ ಹತ್ತಿರ, ಮೇಲಿನ ಜೋಡಿಯೂ ಅಷ್ಟೇ. ಓವನ್ ಬೆನ್ನ ಮೇಲೆ ಬರೆದಿದ್ದು 1500. ಲೆಕ್ಕ ಕೂಡಿತು. ಐಡಿಎಸ್‌ಜಿ ಕಾಲೇಜಿನಲ್ಲಿ ಬಿಎಸ್ಸಿ ಮಾಡಿ ಇಷ್ಟು ವರ್ಷಕ್ಕೆ ಅದು ಉಪಯೋಗಕ್ಕೆ ಬಂತು ಅಂತ ಒಬ್ಬಳೇ ನಕ್ಕೆ.

ಇಷ್ಟೆಲ್ಲಾ ತಿಳಿದುಕೊಂಡು ಮಂಗಳವಾರ ಸಂಜೆ ಹೊರಟೆ. ಜಡಿಮಳೆ. ಅದಕ್ಕೆ ಕಾರು, ಕಾರಿಗೆ ನಮ್ಮನೆಯವರು. ಅವರು ಬಂದದ್ದಕ್ಕೆ ಬೇರೆ ಕಾರಣವೇ ಇಲ್ಲ.

ಅಂಗಡಿಯಲ್ಲಿ ಜನವೋ ಜನ. ನಮ್ಮೂರಿನಲ್ಲಿ ಹೋಂಸ್ಟೇಗಳು ಜಾಸ್ತಿಯಾದ ಮೇಲೆ ಗೀಸರ್ ಸಾಮಾನು ಮಾರುವವರಿಗೆ ಮಳೆಗಾಲವೇ ಸುಗ್ಗಿ. ನಮ್ಮ ಸರದಿ ಬಂದಾಗ ಚೀಲದಿಂದ ಸುಟ್ಟ ರಾಡ್ ತೆಗೆದಿಟ್ಟು, "ಇದೇ ಉದ್ದದ್ದು ಬೇಕು" ಅಂದೆ. ಅವರು ಒಳಗಿನಿಂದ ಒಂದು ತಂದು ಅಳತೆಗೆ ಹಿಡಿದರು. ಉದ್ದ ಸರಿಯಾಗಿತ್ತು. "ಎಷ್ಟು ಓಮ್ಸ್ ಇದು?" ಅಂತ ಕೇಳಿದೆ. ಉತ್ತರ ಬರಲಿಲ್ಲ. ಚೀಲದಿಂದ ಮೀಟರ್ ತೆಗೆದು ನಾನೇ ಹಿಡಿದೆ. 140.

"ಇದು ಆಗಲ್ಲ. ನನ್ನದು ಎರಡು ರಾಡ್ ಸೀರೀಸ್‌ನಲ್ಲಿದೆ. 35ರದ್ದು ಬೇಕು."

ಅಂಗಡಿಯವರು ನಕ್ಕರು. ನಕ್ಕದ್ದು ನನ್ನ ಕಡೆಗಲ್ಲ. ಛತ್ರಿಯ ನೀರು ಕೊಡವುತ್ತಾ ಬಾಗಿಲ ಬಳಿಯಿಂದ ಆಗ ತಾನೇ ಒಳಗೆ ಬಂದಿದ್ದ ನಮ್ಮನೆಯವರ ಕಡೆಗೆ. "ರಾಡ್ ಅಂದ್ರೆ ರಾಡೇ. ಎಲ್ಲಾ 230 ವೋಲ್ಟೇ ಬರೋದು. ಮೇಡಂಗೆ ಹೇಳಿ ಸಾರ್."

ನಮ್ಮನೆಯವರು ತಲೆ ಆಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಎಲ್ಲಾ 230ನೇ ಅಂತೆ ಕಣೇ" ಅಂದರು.

ನಮ್ಮನೆಯವರ ಬಗ್ಗೆ ಇಲ್ಲೊಂದು ಮಾತು ಹೇಳಲೇಬೇಕು. ಒಳ್ಳೆಯ ಮನುಷ್ಯ, ಕೆಟ್ಟದ್ದು ಅನ್ನುವುದು ಮೈಯಲ್ಲೇ ಇಲ್ಲ. ಆದರೆ ಯಾರಾದರೂ ಇವರನ್ನು ತಿಳಿದವರು ಅಂದುಕೊಂಡರೆ ಅವರಿಗೆ ನಿರಾಸೆ ಮಾಡಲು ಇವರಿಗೆ ಮನಸ್ಸೇ ಬರುವುದಿಲ್ಲ. ಗಾರೆ ಕೆಲಸದವರು ಮರಳು ಎಷ್ಟು ಹಾಕಲಿ ಅಂದರೂ "ಹ್ಞೂಂ, ಹಾಗೇ ಮಾಡಿ" ಅನ್ನುವವರು. ಆ ಅಂಗಡಿಯಲ್ಲಿ "ನನಗೆ ಗೊತ್ತಿಲ್ಲ, ಇವಳನ್ನೇ ಕೇಳಿ" ಅಂದಿದ್ದರೆ ಮುಗಿಯುತ್ತಿತ್ತು. ಕಾರಿನಲ್ಲಿ ಕೇಳಿದೆ, "ರೀ, ಓಮ್ ಅಂದ್ರೆ ಏನು ಗೊತ್ತಾ?" "ಬಿಡೇ, ಅವನಿಗೂ ಗೊತ್ತಿಲ್ಲ" ಅಂದರು.

ಆ 140ರ ರಾಡ್ ಹಾಕಿದ್ದರೆ ಏನಾಗುತ್ತಿತ್ತು ಅಂತ ಬೇಕಾದರೆ ಲೆಕ್ಕ ಹಾಕಿ. ಎರಡೂ ಸೇರಿ 175 ಓಮ್. ಹೊಸದು ಸುಮಾರು 240 ವ್ಯಾಟ್ ಕಾಯುತ್ತದೆ, ಹಳೆಯದು 60. ಒಟ್ಟು 300. ಕೇಕಿನ ತಳ ಮತ್ತೆ ಗಂಜಿಯೇ. ಆಗ ನಾನು ಓವನ್ನೇ ಸರಿ ಇಲ್ಲ ಅಂದುಕೊಂಡು ಎಕ್ಸ್‌ಚೇಂಜಿಗೆ ಹಾಕುತ್ತಿದ್ದೆ.

ಅಂಗಡಿಯವರು ಕೆಟ್ಟವರೇನಲ್ಲ. ಅದೇ ಅಂಗಡಿಯಲ್ಲಿ ಕುಕ್ಕರ್ ಗ್ಯಾಸ್ಕೆಟ್ ತರಲು ಹೋದಾಗ "ಎಷ್ಟು ಲೀಟರಿಂದು ಮೇಡಂ, ಒಳ ಮುಚ್ಚಳವೋ ಹೊರ ಮುಚ್ಚಳವೋ" ಅಂತ ನನ್ನನ್ನೇ ಕೇಳುತ್ತಾರೆ. ಗ್ಯಾಸ್ ಒಲೆಯ ಬರ್ನರಿಗೂ ನಾನೇ. ಮಿಕ್ಸಿ ಜಾರಿನ ಬ್ಲೇಡಿಗೂ ನಾನೇ. ವೈರ್ ಶುರುವಾದ ಕಡೆಯಿಂದ ಮಾತ್ರ ಮಾತು ನನ್ನ ತಲೆಯ ಮೇಲಿಂದ ಹಾದು ಹಿಂದೆ ನಿಂತ ಗಂಡಸಿಗೆ ಹೋಗುತ್ತದೆ. ಹಿಂದೆ ಗಂಡಸು ನಿಂತಿರದಿದ್ದರೆ? "ಯಜಮಾನ್ರನ್ನ ಕಳಿಸಿ ಮೇಡಂ" ಅನ್ನುತ್ತಾರೆ. ಅದನ್ನೂ ಕೇಳಿಸಿಕೊಂಡಾಗಿದೆ.

ನನಗೆ ಕರೆಂಟಿನ ಮೊದಲ ಪಾಠ ಆಗಿದ್ದು ಕಾಲೇಜಿನಲ್ಲೇನಲ್ಲ. ಆಲ್ದೂರಿನ ಹತ್ತಿರದ ಒಂದು ಕಾಫಿ ತೋಟದಲ್ಲಿ ಅಪ್ಪ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವರು, ಆಗಿದ್ದರು. ಮಳೆಗಾಲದಲ್ಲಿ ಸೌದೆ ಹಸಿ. ಊದಿ ಊದಿ ಕಣ್ಣು ಕೆಂಪಾದರೂ ಹಾಲು ಕಾಯುವುದಿಲ್ಲ. ಅದಕ್ಕೆ ಒಂದು ಕರೆಂಟ್ ಒಲೆ ಇತ್ತು. ಮಣ್ಣಿನ ತಟ್ಟೆ, ಅದರಲ್ಲಿ ಸುತ್ತು ಸುತ್ತಾಗಿ ಕೊರೆದ ಕಾಲುವೆ, ಕಾಲುವೆಯಲ್ಲಿ ಮಲಗಿದ ಸ್ಪ್ರಿಂಗ್ ತಂತಿ. ವೋಲ್ಟೇಜ್ ಇಲ್ಲದ ದಿನ ಅದು ಬರೀ ಕುಂಕುಮದ ಬಣ್ಣಕ್ಕೆ ತಿರುಗಿ ಸುಮ್ಮನಾಗುತ್ತಿತ್ತು. ಹಾಲು ಉಕ್ಕಿ ಮೇಲೆ ಬಿದ್ದರೆ ಚಟ್ ಅಂತ ಕತ್ತರಿಸಿ ಹೋಗುತ್ತಿತ್ತು.

ಅಮ್ಮ ಪ್ಲಗ್ ಕಿತ್ತು, ಕತ್ತರಿಸಿದ ಎರಡು ತುದಿಯನ್ನು ಚಿಮಟದಲ್ಲಿ ಕೊಕ್ಕೆ ಮಾಡಿ, ಒಂದಕ್ಕೊಂದು ಸಿಕ್ಕಿಸಿ ಹಿಂಡುತ್ತಿದ್ದಳು. ಒಲೆ ಹಾಕುವಾಗ ಮಣೆಯ ಮೇಲೆ ನಿಲ್ಲುತ್ತಿದ್ದಳು. ಅಡುಗೆ ಮನೆಯಲ್ಲಿ ಚಪ್ಪಲಿ ಹಾಕುವ ಹಾಗಿಲ್ಲ, ಶಾಕ್ ಹೊಡೆಸಿಕೊಳ್ಳುವ ಹಾಗೂ ಇಲ್ಲ. ಮಣೆ ಎರಡಕ್ಕೂ ಆಯಿತು. ಕೊಕ್ಕೆ ಹಾಕಿದಷ್ಟೂ ತಂತಿ ಗಿಡ್ಡ ಆಗುತ್ತದೆ. ಗಿಡ್ಡ ಆದಷ್ಟೂ ಒಲೆ ಜಾಸ್ತಿ ಕಾಯುತ್ತದೆ. ಜಾಸ್ತಿ ಕಾದಷ್ಟೂ ಬೇಗ ಮತ್ತೆ ಕತ್ತರಿಸುತ್ತದೆ. "ಇನ್ನು ಇದು ತಡೆಯಲ್ಲ, ಸಂತೆಯಿಂದ ಸ್ಪ್ರಿಂಗ್ ತನ್ನಿ" ಅಂತ ಅಪ್ಪನಿಗೆ ಹೇಳುವ ದಿನ ಅವಳಿಗೆ ಗೊತ್ತಿರುತ್ತಿತ್ತು. ಹೊಸ ಸ್ಪ್ರಿಂಗ್ ಹೆಬ್ಬೆರಳುದ್ದ ಇರುತ್ತಿತ್ತು. ಒಂದು ತುದಿ ಕಿಟಕಿ ಸರಳಿಗೆ ಸಿಕ್ಕಿಸಿ, ಇನ್ನೊಂದು ತುದಿ ನನ್ನ ಕೈಗೆ ಕೊಟ್ಟು, "ಜೋರಾಗಿ ಎಳೀಬೇಡ, ಎಲ್ಲಾ ಕಡೆ ಒಂದೇ ಸಮ ಬಿಚ್ಚಿಕೊಳ್ಳಲಿ" ಅನ್ನುತ್ತಿದ್ದಳು. ಸುತ್ತು ಒತ್ತಾಗಿರುವ ಕಡೆ ಬಿಸಿ ಜಾಸ್ತಿ ಆಗಿ ಅಲ್ಲೇ ಸುಡುತ್ತದೆ. ಅದು ನೈಕ್ರೋಮ್, 80 ಪಾಲು ನಿಕ್ಕಲ್, 20 ಪಾಲು ಕ್ರೋಮಿಯಂ, ಅಮೆರಿಕದ ಆಲ್ಬರ್ಟ್ ಮಾರ್ಷ್ ಅನ್ನುವವರು 1906ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು ಅಂತೆಲ್ಲಾ ನಾನು ಓದಿದ್ದು ಆಮೇಲೆ. ಕೆಂಪಗೆ ಕಾದಾಗ ಮೈ ಮೇಲೆ ತೆಳ್ಳಗೆ ಒಂದು ಪದರ ಕಟ್ಟಿಕೊಂಡು ತನ್ನನ್ನು ತಾನೇ ಗಾಳಿಯಿಂದ ಕಾಪಾಡಿಕೊಳ್ಳುವ ತಂತಿ ಅದು. ನನ್ನ ಓವನ್ ರಾಡಿನ ಒಳಗಿರುವುದೂ ಅದೇ ಜಾತಿಯದು.

ಅಪ್ಪ ಮಾತ್ರ ಬಂದವರ ಮುಂದೆ, "ನಮ್ಮನೆಯವಳಿಗೆ ಕರೆಂಟ್ ಅಂದ್ರೆ ಭಯ" ಅನ್ನುತ್ತಿದ್ದರು. ಬಲ್ಬ್ ಹೋಲ್ಡರ್ ಸಡಿಲ ಆದರೆ ಸಾಹುಕಾರರ ಬಂಗಲೆಯಿಂದ ಎಲೆಕ್ಟ್ರಿಷಿಯನ್ ಬರಬೇಕಿತ್ತು, ಅವನಿಗೆ ಕಾಫಿ ಆಗಬೇಕಿತ್ತು. ಆ ಕಾಫಿಯನ್ನು ಅಮ್ಮ ತಾನೇ ಕೊಕ್ಕೆ ಹಾಕಿದ ಒಲೆಯ ಮೇಲೆ ಮಾಡಿ ತಂದು ಕೊಡುತ್ತಿದ್ದಳು. ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ. ಅವಳಿಗೂ ಅನ್ನಿಸುತ್ತಿರಲಿಲ್ಲವಾ ಅಂತ ಈಗ ಕೇಳೋಣ ಅಂದರೆ ಅವಳಿಲ್ಲ.

ರಾಡ್ ಸಿಕ್ಕಿದ್ದು ಬುಧವಾರ, ಮಾರ್ಕೆಟ್ ರಸ್ತೆ ಕಡೆಯ ಒಂದು ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ. ಈ ಸಲ ಒಬ್ಬಳೇ ಹೋಗಿದ್ದೆ. ಪಂಪ್‌ಸೆಟ್ ಮೋಟಾರಿನ ಹೊಟ್ಟೆ ಬಗೆದುಕೊಂಡು ಒಬ್ಬರು ಅಜ್ಜ ಕೂತಿದ್ದರು. ನಾನು 35 ಓಮ್ ಅನ್ನುತ್ತಿದ್ದ ಹಾಗೇ "ಸೀರೀಸಾ?" ಅಂದರು. ಹಳೇ ಓವನ್ನುಗಳಿಂದ ಬಿಚ್ಚಿದ್ದು, ಹೊಸದು, ಎಲ್ಲಾ ಒಂದೇ ಗೋಣಿಚೀಲದಲ್ಲಿ. "ನೋಡ್ಕೊಳ್ಳಿ ಅಮ್ಮಾ" ಅಂತ ತಮ್ಮ ಮೀಟರಿನ ಕಡ್ಡಿ ನನ್ನ ಕೈಗೇ ಕೊಟ್ಟರು. ನನಗೆ ಗೌರವ ಕೊಟ್ಟು ಹಾಗೆ ಮಾಡಿದರು ಅಂತೇನೂ ಅಂದುಕೊಳ್ಳಬೇಡಿ. ಅವರ ಎರಡೂ ಕೈಯಲ್ಲಿ ವಾರ್ನಿಷ್ ಅಂಟಿತ್ತು. ಆದರೂ ನನಗೆ ಅಷ್ಟೇ ಸಾಕಾಗಿತ್ತು.

36 ಓಮಿನದ್ದು ಒಂದು ಸಿಕ್ಕಿತು. ಹೊಸದೇ. "ಮೈಗೂ ತುದಿಗೂ ಹಿಡಿದು ನೋಡಿ" ಅಂದರು. ಮೀಟರ್ ಏನೂ ತೋರಿಸಲಿಲ್ಲ, ತೋರಿಸಬಾರದು ಕೂಡ. "ಮಳೆಗಾಲದಲ್ಲಿ ಸುಮ್ನೆ ಇಟ್ಟಿದ್ರೆ ಒಳಗಿನ ಪುಡಿ ತುದಿಯಿಂದ ಥಂಡಿ ಎಳ್ಕೊಳತ್ತೆ. ಆಗ ಮೈಗೆ ಕರೆಂಟ್ ಬರತ್ತೆ, ಟ್ರಿಪ್ ಆಗತ್ತೆ. ಮೊದಲು ಸಣ್ಣ ಬಿಸಿಯಲ್ಲಿ ಒಣಗಿಸಿ, ಆಮೇಲೆ ಪೂರ್ತಿ ಹಾಕಿ." 150 ರೂಪಾಯಿ ತಗೊಂಡರು. ಹೋಂಸ್ಟೇಯವರು ಟ್ರಿಪ್ ಆದ ಗೀಸರನ್ನೆಲ್ಲಾ ಕೆಟ್ಟಿದೆ ಅಂತ ಗುಜರಿಗೆ ಹಾಕುತ್ತಾರೆ ಅಂತ ತಮ್ಮಷ್ಟಕ್ಕೇ ಬೈದುಕೊಂಡರು.

ಕೂರಿಸುವುದು ಸುಲಭದ ಕೆಲಸ. ಹಳೆಯದನ್ನು ಸ್ವಲ್ಪ ಬಾಗಿಸಿ ಎಳೆದರೆ ಬರುತ್ತದೆ, ಹೊಸದನ್ನು ಮಾತ್ರ ಬಾಗಿಸದೆ ತೂರಿಸಬೇಕು. ತುದಿಯ ನಟ್ ಬಿಗಿ ಮಾಡುವಾಗ ಪಿಂಗಾಣಿ ಬಿಲ್ಲೆ ಒಡೆಯದ ಹಾಗೆ ಕೈ ತಡೆಯಬೇಕು, ಹಾಗಂತ ಸಡಿಲ ಬಿಟ್ಟರೆ ಅಲ್ಲೇ ಕಾದು ಸುಡುತ್ತದೆ. ಅರ್ಥ್ ವೈರ್ ವಾಪಸ್ ತಗಡಿಗೆ ಹಾಕಿದೆ. ಖಾಲಿ ಓವನ್ನನ್ನು 100 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಏರಿಸಿದೆ. ಹೊಸ ರಾಡಿನ ಎಣ್ಣೆ ಸುಟ್ಟ ಹೊಗೆ ಮನೆಯೆಲ್ಲಾ ತುಂಬಿತು. ನಮ್ಮನೆಯವರು ಕೆಮ್ಮುತ್ತಾ ಬಂದು ಗಾಜಿನಲ್ಲಿ ಇಣುಕಿ, "ಅರೆ, ನಾಲ್ಕೂ ಕೆಂಪಾಯ್ತಲ್ಲೇ!" ಅಂತ ನಿಜಕ್ಕೂ ಖುಷಿಪಟ್ಟರು. ಅದೇ ಖುಷಿಯಲ್ಲಿ ಬೀದಿಯಲ್ಲೆಲ್ಲಾ ಹೇಳಿಕೊಂಡೂ ಬಂದರು. ಏನಂತ ಹೇಳಿದರೋ ದೇವರಿಗೇ ಗೊತ್ತು.

ಯಾಕೆಂದರೆ ಇವತ್ತು ಬೆಳಿಗ್ಗೆ ಎದುರು ಮನೆಯ ಆಂಟಿ ಫೋನ್ ಮಾಡಿದ್ದರು. "ನಿಮ್ಮ ಯಜಮಾನ್ರು ಓವನ್ ರಿಪೇರಿ ಮಾಡಿದ್ರಂತಲ್ಲಮ್ಮ. ನಮ್ಮ ಗೀಸರ್ ಹಾಕಿದ ಕೂಡಲೇ ಟ್ರಿಪ್ ಆಗ್ತಿದೆ. ಸ್ವಲ್ಪ ಬಂದು ನೋಡ್ತಾರಾ?"

"ಅವರು ಬರಲ್ಲ ಆಂಟಿ, ನಾನು ಬರ್ತೀನಿ. ಮೇನ್ ಆಫ್ ಮಾಡಿ, ಗೀಸರ್ ನೀರು ಬಿಟ್ಟಿಡಿ. ಅಂಕಲ್ ಹತ್ರ ಸ್ಪ್ಯಾನರ್ ಇದ್ರೆ ಹುಡುಕಿಸಿಡಿ" ಅಂದೆ.