ತಳದ ನೀರು ಮೇಲೆ ಬರದ ಕೆರೆಗಳು

ರಾಮನವಮಿ ಪಾನಕಕ್ಕೆ ಸಾಲಲ್ಲಿ ಮೊದಲು ನಿಂತೋರಿಗೆ ಸಪ್ಪೆ ನೀರು, ಕೊನೆಗೆ ಬಂದೋರಿಗೆ ಬರೀ ಬೆಲ್ಲ, ಸೌಟು ಹಾಕಿ ಯಾರೂ ತಿರುಗಿಸ್ದೇ ಇದ್ರೆ ಹಿಂಗೇ ಆಗೋದು. ಪ್ರಪಂಚದಲ್ಲಿ ಕೆಲವು ಸರೋವರಗಳು ಕಾಲಾಂತರದಿಂದ ಹಂಗೇ ಕೂತಿವೆಯಂತೆ, ಮೆರೊಮಿಕ್ಟಿಕ್ ಅಂತಾರೆ. ತಳದಲ್ಲಿ ಉಪ್ಪೋ ಖನಿಜವೋ ಕರಗಿ ಭಾರವಾದ ನೀರು, ಮೇಲೆ ಹಗುರ ನೀರು, ಗಾಳಿ ಎಷ್ಟೇ ಬೀಸಲಿ ಕೆಳಗಿಂದು ಜಗ್ಗಲ್ಲ, ಆಮ್ಲಜನಕ ಅಲ್ಲಿಗೆ ಇಳಿಯಲ್ಲ, ಅದಕ್ಕೇ ತಳದಲ್ಲಿ ಮೀನೂ ಇಲ್ಲ.

ನಂಬಿಕೆ ಬರ್ಲಿಲ್ಲ, ಮನೇಲೇ ಮಾಡಿ ನೋಡ್ದೆ. ಗಾಜಿನ ಲೋಟಕ್ಕೆ ನಾಲ್ಕು ಚಮಚ ಉಪ್ಪು ಕರಗಿಸಿದ ಬೀಟ್‌ರೂಟ್ ನೀರು, ಅದರ ಮೇಲೆ ಚಮಚದ ಬೆನ್ನಿಗೆ ತಾಗೋ ಹಂಗೆ ನಿಧಾನಕ್ಕೆ ಕಾವೇರಿ ನೀರು. ಕೆಂಪು ಕೆಳಗೆ, ತಿಳಿ ಮೇಲೆ, ನಡುವೆ ಗೆರೆ ಎಳೆದಂಗಿತ್ತು! ಮೇಲಿಂದ ಉಫ್ ಉಫ್ ಅಂತ ಊದಿದ್ರೆ ಮೇಲಿನ ನೀರು ಅಲ್ಲಾಡ್ತು, ಕೆಂಪು ಸುಮ್ನೆ ಕೂತಿತ್ತು. "ಉಪ್ಪು ದಂಡ ಮಾಡ್ಬೇಡ ಕಣೋ" ಅಂತ ಅಮ್ಮ.

ಇದೆಲ್ಲ ಚೆಂದ, ಆದ್ರೆ ಕ್ಯಾಮರೂನ್‌ನ ನ್ಯೋಸ್ ಸರೋವರದ ಕಥೆ ಓದಿದ ಮೇಲೆ ರಾತ್ರಿ ನಿದ್ದೆ ಬರ್ಲಿಲ್ಲ. 200 ಮೀಟರ್‌ಗಿಂತ ಆಳ, ಕೆಳಗೆ ಜ್ವಾಲಾಮುಖಿ ನೆಲದಿಂದ ಇಂಗಾಲದ ಡೈಆಕ್ಸೈಡ್ ಜಿನುಗಿ ಜಿನುಗಿ ತಳದ ನೀರಲ್ಲಿ ಕರಗ್ತಾ ಇತ್ತು, ಮೇಲಿನ ನೀರಿನ ಭಾರವೇ ಸೋಡಾ ಬಾಟಲಿಗೆ ಮುಚ್ಚಳ ಇದ್ದಂಗೆ. 1986ರ ಆಗಸ್ಟ್ 21ರ ರಾತ್ರಿ ಮುಚ್ಚಳ ಹಾರ್ತು. ಆ ಗ್ಯಾಸು ಗಾಳಿಗಿಂತ ಭಾರ, ನೆಲ ಹಿಡ್ಕೊಂಡು ಕಣಿವೆಗೆ ಹರೀತು, ಮಲಗಿದ್ದ ಸುಮಾರು 1,700 ಜನ, ಸಾವಿರಾರು ದನಕರು ಹಂಗಂಗೇ ಹೋಗ್ಬಿಟ್ರು. ಗ್ಯಾಸು ಮತ್ತೆ ತುಂಬ್ಕೊಳ್ದೇ ಸ್ವಲ್ಪ ಸ್ವಲ್ಪವೇ ಹೊರಗೆ ಹೋಗ್ಲಿ ಅಂತ 2001ರಲ್ಲಿ ಅಲ್ಲಿ ತಳಕ್ಕೆ ಪೈಪ್ ಇಳಿಸಿದ್ರು, ಒಂದ್ಸಲ ಪಂಪ್ ಮಾಡಿ ನೀರು ಎತ್ತಿದ್ರೆ ಸಾಕು, ಆಮೇಲೆ ಗ್ಯಾಸೇ ನೂಕ್ಕೊಂಡು ಕಾರಂಜಿ ಥರ ಚಿಮ್ಮುತ್ತೆ. ರುವಾಂಡಾ ಕಡೆಯ ಕಿವು ಸರೋವರದೋರು ಇನ್ನೂ ಜಾಣರು, ತಳದ ಮೀಥೇನ್ ತೆಗೆದು ಕರೆಂಟ್ ಮಾಡ್ತಾರೆ.

ಬೆಳಗ್ಗೆ ಕುಕ್ಕರಹಳ್ಳಿ ಕೆರೆಗೆ ವಾಕಿಂಗ್ ಹೋದಾಗ ಏರಿ ಮೇಲೆ ನಿಂತು ಇದನ್ನೇ ಯೋಚ್ನೆ ಮಾಡ್ತಿದ್ದೆ. ನಮ್ದು ಅಷ್ಟು ಆಳ ಇಲ್ಲ ಬಿಡಿ, ಹಗಲು ಬಿಸಿಲಿಗೆ ಮೇಲ್ಗಡೆ ಕಾಯುತ್ತೆ, ರಾತ್ರಿ ತಣ್ಣಗಾಗಿ ಕೆಳಗಿಳಿಯುತ್ತೆ, ಜೊತೆಗೆ ಗಾಳಿ ಬೇರೆ, ಎಲ್ಲಾ ಕಲಸಿಹೋಗುತ್ತೆ.

ಮನೆಗೆ ಬಂದು ನೋಡ್ದೆ, ಲೋಟದಲ್ಲಿ ಗೆರೆ ಸ್ವಲ್ಪ ಮಸುಕಾಗಿತ್ತು ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಅಮ್ಮ ಅದನ್ನ ತೊಳೆದು ಬೋರಲು ಹಾಕಿದ್ಲು.